ಮುತ್ತೈದೆ ಸಾವು, ಮೂಕಜ್ಜಿಯ ಆಯುಷ್ಯ

ಹಿರಿಯರ ಕಾಲಿಗೆ ಬಗ್ಗಿದ ಹುಡುಗನಿಗೆ ನಮ್ಮಲ್ಲಿ ಸಿಗುವ ಆಶೀರ್ವಾದ 'ಆಯುಷ್ಮಾನ್ ಭವ', ಇಲ್ಲವೇ 'ನೂರು ಕಾಲ ಬಾಳು'. ಅವನ ಪಕ್ಕದಲ್ಲೇ ಬಗ್ಗಿದ ಹೆಂಡತಿಗೆ ಸಿಗುವುದು 'ದೀರ್ಘಸುಮಂಗಲೀ ಭವ'. ಕಿವಿಗೆ ಎರಡೂ ಒಂದೇ ತೂಕದ ಹರಕೆಗಳಂತೆ ಕೇಳುತ್ತವೆ. ಆದರೆ ಮೊದಲನೆಯದು ಅವನ ಬದುಕನ್ನು ವರ್ಷಗಳಲ್ಲಿ ಅಳೆಯುತ್ತದೆ, ಎರಡನೆಯದು ಅವಳ ಬದುಕನ್ನು ಅವನ ಬದುಕಿನಲ್ಲಿ ಅಳೆಯುತ್ತದೆ. ಅವನಿರುವಷ್ಟು ಕಾಲ ನೀನಿರು, ಅವನಿಗಿಂತ ಒಂದು ದಿನವಾದರೂ ಮೊದಲು ಹೋಗು ಎಂಬ ಮಾತು ಅದರೊಳಗೆ ಅಡಗಿದೆ. ಹಾಗೆ ಹೋದವಳಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, 'ಪುಣ್ಯವಂತೆ, ಮುತ್ತೈದೆ ಸಾವು' ಎಂದು ಹೇಳುವವರು ಈಗಲೂ ಇದ್ದಾರೆ.

ಹೆಣ್ಣು ಮತ್ತು ಗಂಡಿನ ಆಯುಷ್ಯದ ನಡುವಿನ ಅಂತರವನ್ನು ಅಂಕಿಅಂಶ ತಜ್ಞರು ಅಳೆಯತೊಡಗುವ ಎಷ್ಟೋ ಮೊದಲೇ ನಮ್ಮ ಭಾಷೆ ಆ ಅಂತರ ಯಾವ ಕಡೆಗಿರಬೇಕು ಎಂದು ತೀರ್ಮಾನಿಸಿಬಿಟ್ಟಿತ್ತು. ಇಪ್ಪತ್ತನೇ ಶತಮಾನದ ಬಹುಪಾಲು ಭಾರತದ ಅಂಕಿಗಳೂ ಆ ಹರಕೆಯಂತೆಯೇ ಇದ್ದವು. 1951–61ರ ದಶಕಕ್ಕೆ ಜನಗಣತಿಯ ಆಧಾರದಲ್ಲಿ ಲೆಕ್ಕ ಹಾಕಿದ ನಿರೀಕ್ಷಿತ ಆಯುಷ್ಯ ಗಂಡಸರಿಗೆ 41.9 ವರ್ಷ, ಹೆಂಗಸರಿಗೆ 40.6. ಮಾದರಿ ನೋಂದಣಿ ವ್ಯವಸ್ಥೆ ಬಂದ ಮೇಲೆ 1970–75ರಲ್ಲಿ ಅದು 50.5 ಮತ್ತು 49.0. ಯೂರೋಪು, ಅಮೆರಿಕ, ಜಪಾನುಗಳಲ್ಲಿ ಹೆಂಗಸರು ಹೆಚ್ಚು ಬದುಕುತ್ತಿದ್ದ ಕಾಲದಲ್ಲಿ ಇಲ್ಲಿ ಕಡಿಮೆ ಬದುಕುತ್ತಿದ್ದರು.

ಇದೇ ವರ್ಷಗಳಲ್ಲಿ ಕನ್ನಡ ಕಾದಂಬರಿ ಏನು ಬರೆಯುತ್ತಿತ್ತು ಎಂದು ನೋಡಿದರೆ ಸೋಜಿಗವಾಗುತ್ತದೆ. ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಬಂದದ್ದು 1968ರಲ್ಲಿ. ಅದರ ನಡುವೆ ಕೂತಿರುವವಳು ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ಎಂಬತ್ತರ ವಯಸ್ಸಿಗೆ ಬಂದ ವಿಧವೆ. ಎಸ್.ಎಲ್. ಭೈರಪ್ಪನವರ 'ಗೃಹಭಂಗ' 1970ರದು. ಮಗ, ಸೊಸೆ, ಮೊಮ್ಮಕ್ಕಳ ಮೇಲೆ ನಾಲಿಗೆ ಝಳಪಿಸುತ್ತ ಬದುಕುವ ಗಂಗಮ್ಮ ವಿಧವೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರದು. ಫಣಿಯಮ್ಮ ಬಾಲವಿಧವೆ, ನೂರು ದಾಟಿ ಬದುಕಿದವಳು. ಹಿಂದೆ ಹೋದರೆ 'ಮರಳಿ ಮಣ್ಣಿಗೆ'ಯ ಸರಸೋತಿ ಇದ್ದಾಳೆ. ಕೋಷ್ಟಕದ ಪ್ರಕಾರ ಹೆಂಗಸರು ಗಂಡಸರಿಗಿಂತ ಬೇಗ ಸಾಯುತ್ತಿದ್ದ ನಾಡಿನ ಕಾದಂಬರಿಗಳಲ್ಲಿ ಗಂಡಂದಿರು ಹೋಗಿ ಅರ್ಧ ಶತಮಾನ ಕಳೆದರೂ ಮುದುಕಿಯರು ಕೂತಿದ್ದಾರೆ. ಕೋಷ್ಟಕ ಸುಳ್ಳೋ, ಕಾದಂಬರಿ ಸುಳ್ಳೋ?

ಎರಡೂ ನಿಜ ಎಂಬುದು ಈ ಲೇಖನದ ವಾದ. ಅವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂದು ತಿಳಿದುಕೊಂಡರೆ ಅಂಕಿಯನ್ನು ಓದುವ ರೀತಿಯೂ ಬದಲಾಗುತ್ತದೆ, ಕಾದಂಬರಿಯನ್ನು ಓದುವ ರೀತಿಯೂ ಬದಲಾಗುತ್ತದೆ.

*

ಮೊದಲು ಕೋಷ್ಟಕದ ಮಾತು. ಹೆಂಗಸರಿಗೊಂದು, ಗಂಡಸರಿಗೊಂದು ಎಂದು ಬೇರೆ ಬೇರೆ ಆಯುಷ್ಯದ ಕೋಷ್ಟಕಗಳನ್ನು ಮಾಡಿದ ಮೊದಲಿಗರಲ್ಲಿ ಡಚ್ ಗಣಿತಜ್ಞ ನಿಕೋಲಾಸ್ ಸ್ಟ್ರಾಯ್ಕ್ ಒಬ್ಬ, ವರ್ಷ 1740. ಅವನು ಬಳಸಿದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ ಜೀವಮಾನದ ವರ್ಷಾಶನ ಪಡೆಯುತ್ತಿದ್ದವರ ದಾಖಲೆಗಳನ್ನು. ಒಬ್ಬರಿಗೆ ಸಾಯುವವರೆಗೆ ವರ್ಷವರ್ಷ ಹಣ ಕೊಡುವುದಾಗಿ ಒಪ್ಪಿಕೊಂಡವನಿಗೆ ಅವರು ಎಷ್ಟು ಕಾಲ ಇರುತ್ತಾರೆ ಎಂದು ತಿಳಿಯಬೇಕು. ಹೆಂಗಸರು ಹೆಚ್ಚು ಕಾಲ ಇದ್ದರೆ ಅವನಿಗೆ ನಷ್ಟ. ಈ ಅಳತೆಯ ಹಿಂದೆ ಹೀಗೊಂದು ವ್ಯವಹಾರವಿತ್ತು. ಯಾರನ್ನು ಎಣಿಸಬೇಕು, ಎಲ್ಲಿಂದ ಎಣಿಸಬೇಕು ಎಂಬುದನ್ನು ಯಾವಾಗಲೂ ಎಣಿಸುವವನ ಅಗತ್ಯವೇ ನಿರ್ಧರಿಸುತ್ತದೆ.

ಇವತ್ತಿನ 'ಜನನಕಾಲದ ನಿರೀಕ್ಷಿತ ಆಯುಷ್ಯ'ವೂ ಅಂಥದೇ ಒಂದು ಕಟ್ಟುವಿಕೆ. ಈ ವರ್ಷ ಹುಟ್ಟಿದ ಮಗು ತನ್ನ ಬದುಕಿನುದ್ದಕ್ಕೂ, ಪ್ರತಿ ವಯಸ್ಸಿನಲ್ಲೂ, ಇವತ್ತು ಆ ವಯಸ್ಸಿನವರು ಸಾಯುತ್ತಿರುವ ದರದಲ್ಲೇ ಅಪಾಯ ಎದುರಿಸುತ್ತ ಹೋದರೆ ಸರಾಸರಿ ಎಷ್ಟು ವರ್ಷ ಬದುಕೀತು ಎಂಬ ಲೆಕ್ಕ ಅದು. ಹಾಗೆ ಬದುಕುವ ಮಗು ಎಲ್ಲೂ ಇಲ್ಲ. ಆದರೂ ಎರಡು ಕಾಲ, ಎರಡು ದೇಶ, ಎರಡು ಲಿಂಗಗಳನ್ನು ಹೋಲಿಸಲು ಅದಕ್ಕಿಂತ ಸುಲಭದ ಒಂದೇ ಅಂಕಿ ಸಿಗುವುದಿಲ್ಲ. ಸರಾಸರಿ 41 ಎಂದ ಕೂಡಲೇ ಜನ ನಲವತ್ತೊಂದಕ್ಕೆ ಸಾಯುತ್ತಿದ್ದರು ಎಂದು ತಿಳಿದುಕೊಳ್ಳುವುದು ಆ ಅಂಕಿಯನ್ನು ಓದುವಾಗ ಆಗುವ ಸಾಮಾನ್ಯ ತಪ್ಪು.

ಒಂದು ಕೇರಿಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಹತ್ತು ಹೆಣ್ಣು, ಹತ್ತು ಗಂಡು ಹುಟ್ಟಿದರು. ಹೆಣ್ಣುಗಳಲ್ಲಿ ಮೂವರು ವರ್ಷ ತುಂಬುವ ಮೊದಲೇ ಹೋದರು. ಇಬ್ಬರು ಇಪ್ಪತ್ತೆರಡರಲ್ಲಿ ಹೆರಿಗೆಯಲ್ಲಿ ಹೋದರು. ಉಳಿದ ಐವರು ಎಪ್ಪತ್ತೈದರವರೆಗೆ ಬದುಕಿದರು. ಶಿಶುಗಳ ಕೆಲವೇ ತಿಂಗಳನ್ನು ಸೊನ್ನೆ ಎಂದು ಹಿಡಿದರೆ ಒಟ್ಟು 419 ವರ್ಷ, ಸರಾಸರಿ 41.9. ಗಂಡುಗಳಲ್ಲಿ ಇಬ್ಬರು ಶಿಶುಗಳಾಗಿಯೇ ಹೋದರು, ಇಬ್ಬರು ಐವತ್ತರಲ್ಲಿ, ಆರು ಮಂದಿ ಐವತ್ತೈದರಲ್ಲಿ ಹೋದರು. ಒಟ್ಟು 430, ಸರಾಸರಿ 43. ಗಂಡಸರು ಒಂದು ವರ್ಷಕ್ಕಿಂತ ಹೆಚ್ಚು ಮುಂದಿದ್ದಾರೆ ಎನ್ನುತ್ತದೆ ಅಂಕಿ. ಆದರೆ ಕೇರಿಯಲ್ಲಿ ಅರವತ್ತು ದಾಟಿದ ಗಂಡಸು ಒಬ್ಬನೂ ಇಲ್ಲ, ಮುದುಕಿಯರು ಐದು ಜನ ಇದ್ದಾರೆ. ಈ ಕೇರಿಗೆ ಹೋದ ಕಾದಂಬರಿಕಾರನ ಕಣ್ಣಿಗೆ ಬೀಳುವುದು ಜಗಲಿಯ ಮೇಲೆ ಕೂತ ಆ ಐವರು. ಅಂಕಿಯನ್ನು ತಗ್ಗಿಸಿದ ಉಳಿದ ಐವರು ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಜವಾದ ಕೋಷ್ಟಕ ಇಷ್ಟು ಸೀಳಾಗಿ ಇರುವುದಿಲ್ಲ, ಇದು ಉತ್ಪ್ರೇಕ್ಷೆಯ ಲೆಕ್ಕ. ಆದರೆ ಇದರ ಆಕಾರ ನಿಜದ್ದೇ. 1970–75ರ ಭಾರತದ ಕೋಷ್ಟಕದಲ್ಲಿ ಹುಟ್ಟಿನ ಸಾಲಿನಲ್ಲಿ ಹೆಂಗಸರು ಒಂದೂವರೆ ವರ್ಷ ಹಿಂದಿದ್ದಾರೆ. ಅದೇ ಕೋಷ್ಟಕದ ಅರವತ್ತರ ಸಾಲಿಗೆ ಇಳಿದರೆ ಅವರು ಗಂಡಸರಿಗಿಂತ ಸುಮಾರು ಒಂದು ವರ್ಷ ಮುಂದಿದ್ದಾರೆ. ಹೆಣ್ಣುಮಕ್ಕಳು ಹೆಚ್ಚಾಗಿ ಸಾಯುತ್ತಿದ್ದುದು ಎಳವೆಯಲ್ಲಿ ಮತ್ತು ಹೆರುವ ವಯಸ್ಸಿನಲ್ಲಿ. ಆ ಎರಡು ಹೊಳೆಗಳನ್ನು ದಾಟಿದವಳು ಬಹಳ ದೂರ ನಡೆಯುತ್ತಿದ್ದಳು. ಅವಳ ಗಂಡ ಅವಳಿಗಿಂತ ಹತ್ತು ಹದಿನೈದು ವರ್ಷ ದೊಡ್ಡವನಾಗಿದ್ದರೆ, ಹೆಂಡತಿ ಸತ್ತವನು ಮತ್ತೆ ಮದುವೆಯಾಗಬಹುದಾಗಿದ್ದು ಗಂಡ ಸತ್ತವಳು ಆಗಕೂಡದಾಗಿದ್ದರೆ, ಆ ದೂರದ ನಡಿಗೆಯ ಹೆಸರೇ ವೈಧವ್ಯ.

*

ಈ ಕಣ್ಣಿನಿಂದ 'ಗೃಹಭಂಗ'ವನ್ನು ಮತ್ತೆ ಓದಬೇಕು. ತಿಪಟೂರು, ಚನ್ನರಾಯಪಟ್ಟಣದ ಸೀಮೆಯ ಒಂದು ಶಾನುಭೋಗರ ಮನೆ. ಅತ್ತೆ ಗಂಗಮ್ಮ, ಸೊಸೆ ನಂಜಮ್ಮ. ಕೋಷ್ಟಕ ಸರಾಸರಿ ಮಾಡಿ ಒಂದುಗೂಡಿಸಿದ ಇಬ್ಬರು ಹೆಂಗಸರನ್ನು ಭೈರಪ್ಪ ಮತ್ತೆ ಬಿಡಿಸಿ ಒಂದೇ ಸೂರಿನಡಿ ಎದುರುಬದುರು ನಿಲ್ಲಿಸಿದ್ದಾರೆ. ಅತ್ತೆ ದಾಟಿ ಬಂದವಳು, ಸೊಸೆ ದಾಟುತ್ತಿರುವವಳು. ನಂಜಮ್ಮ ಹೆರುತ್ತಾಳೆ, ದುಡಿಯುತ್ತಾಳೆ, ಕೈಲಾಗದ ಗಂಡನ ಬದಲಿಗೆ ಶಾನುಭೋಗಿಕೆಯ ಲೆಕ್ಕವನ್ನೂ ತಾನೇ ಬರೆಯುತ್ತಾಳೆ. ಮಗಳು ಪಾರ್ವತಿ ಮತ್ತು ಮಗ ರಾಮಣ್ಣ ಪ್ಲೇಗಿಗೆ ಬಲಿಯಾಗುತ್ತಾರೆ, ಕೊನೆಗೆ ಅವಳೂ. ಹೊಟ್ಟೆಯೊಂದೇ ಲೋಕವಾಗಿದ್ದ ಗಂಡ ಚೆನ್ನಿಗರಾಯ ಉಳಿಯುತ್ತಾನೆ. ನಂಜಮ್ಮನದು ಮುತ್ತೈದೆ ಸಾವು. ಹರಕೆ ಅಕ್ಷರಶಃ ಫಲಿಸಿದ ಈ ಸಾವನ್ನು ಪುಣ್ಯ ಎಂದು ಕರೆಯಲು ಕಾದಂಬರಿ ಓದುಗನಿಗೆ ಎಲ್ಲೂ ಅವಕಾಶ ಕೊಡುವುದಿಲ್ಲ. ಊರಿನ ಲೆಕ್ಕ ಬರೆಯುತ್ತಿದ್ದ ಹೆಂಗಸೇ ಯಾವುದೋ ಲೆಕ್ಕದಲ್ಲಿ ಒಂದು ಸಂಖ್ಯೆಯಾಗಿ ಸೇರಿಹೋಗುತ್ತಾಳೆ. ಪ್ಲೇಗು ಗಂಡು ಹೆಣ್ಣೆಂದು ನೋಡುವುದಿಲ್ಲ, ನಿಜ. ಆದರೆ ಆ ಹೊತ್ತಿಗೆ ಅವಳ ದೇಹದಲ್ಲಿ ಉಳಿದಿದ್ದ ಕಸುವೆಷ್ಟು ಎಂಬ ಪ್ರಶ್ನೆಗೆ ಉತ್ತರ ಹಿಂದಿನ ನೂರಾರು ಪುಟಗಳಲ್ಲಿದೆ.

'ಫಣಿಯಮ್ಮ'ನಲ್ಲಿ ಇದೇ ಇಬ್ಬರು ಬೇರೊಂದು ರೀತಿಯಲ್ಲಿ ಎದುರಾಗುತ್ತಾರೆ. ಹೆರಿಗೆಯನ್ನೇ ಕಾಣದ, ಸಂಸಾರದ ಹೊರಗಿಟ್ಟ ಮಡಿಹೆಂಗಸು ಜಾತಿಯ ಗೆರೆಯನ್ನು ದಾಟಿ ಹೋಗಿ, ಹೆರಲಾರದೆ ಒದ್ದಾಡುತ್ತಿದ್ದ ಒಬ್ಬಳಿಗೆ ಕೈಕೊಟ್ಟು ಮಗುವನ್ನು ಹೊರತೆಗೆಯುತ್ತಾಳೆ. ವಿಮರ್ಶೆ ಈ ಪ್ರಸಂಗವನ್ನು ಮಡಿ ಮುರಿದ ಮಾನವೀಯತೆಯಾಗಿ ಓದಿದೆ, ಅದು ಸರಿಯೇ. ಆಯುಷ್ಯದ ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಂಡರೆ ಇನ್ನೊಂದು ಸಂಗತಿ ಕಾಣುತ್ತದೆ. ಕೋಷ್ಟಕದ ಅಂಚಿನಾಚೆ ನೂರು ದಾಟುವ ಹೆಂಗಸು, ಅದರ ಅತ್ಯಂತ ಅಪಾಯದ ಸಾಲಿನಲ್ಲಿ ಸಿಕ್ಕಿಕೊಂಡ ಹೆಂಗಸಿನ ಕೈ ಹಿಡಿದಿದ್ದಾಳೆ. ಹೆಂಗಸರ ಸರಾಸರಿ ಆಯುಷ್ಯ ಏರುವುದು ಇಂಥ ಕೆಲಸದಿಂದಲೇ. ಮುದುಕಿಯರು ಇನ್ನೂ ಮುದುಕಿಯರಾಗುವುದಕ್ಕಿಂತ ಇಪ್ಪತ್ತೆರಡರವಳು ಇಪ್ಪತ್ತಮೂರು ಕಾಣುವುದರಿಂದ ಅಂಕಿ ಬೇಗ ಮೇಲೇರುತ್ತದೆ. ಭಾರತದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ 1997–98ರಲ್ಲಿ 398 ಇದ್ದದ್ದು 2018–20ಕ್ಕೆ 97ಕ್ಕೆ ಇಳಿದಿದೆ.

ಇಲ್ಲಿ ಕೃತಿಗಳಿಂದ ಕೃತಿಕಾರರ ಕಡೆಗೂ ಒಮ್ಮೆ ನೋಡಬೇಕು. ತ್ರಿವೇಣಿ 1963ರ ಜುಲೈನಲ್ಲಿ ತೀರಿಕೊಂಡರು, ಹೆರಿಗೆಯಾದ ಕೆಲವೇ ದಿನಗಳಲ್ಲಿ, ವಯಸ್ಸು ಮೂವತ್ತೈದು ತುಂಬುವ ಮೊದಲು. ಅದೇ 1963ರಲ್ಲಿ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂತು. 1917ರಲ್ಲಿ ಹುಟ್ಟಿದ ಇಂದಿರಾ ಕಾದಂಬರಿ ಬರೆಯಲು ಕೂತದ್ದು ನಲವತ್ತೈದರ ಹೊತ್ತಿಗೆ. ಒಬ್ಬರು ಆ ಅಪಾಯದ ವಯಸ್ಸಿನೊಳಗೇ ಅವಸರದಲ್ಲೆಂಬಂತೆ ಕಾದಂಬರಿಯ ಮೇಲೆ ಕಾದಂಬರಿ ಬರೆದು ಹೋದರು. ಇನ್ನೊಬ್ಬರು ಆ ವಯಸ್ಸನ್ನು ದಾಟಿದ ಮೇಲೆ ಬರವಣಿಗೆ ಶುರುಮಾಡಿದರು. ತ್ರಿವೇಣಿಯವರ ವಯಸ್ಸಿಗೇ ಇಂದಿರಾ ಹೋಗಿದ್ದರೆ ಕನ್ನಡಕ್ಕೆ 'ಫಣಿಯಮ್ಮ' ಇಲ್ಲ. ತ್ರಿವೇಣಿ ಇಂದಿರಾ ಅವರಷ್ಟು ಬದುಕಿದ್ದರೆ ಏನು ಬರೆಯುತ್ತಿದ್ದರು ಎಂಬುದಕ್ಕೆ ಉತ್ತರವಿಲ್ಲ. ನಮ್ಮ ಸಾಹಿತ್ಯ ಚರಿತ್ರೆಗಳು ಮಹಿಳಾ ಬರಹದ ಇತಿಮಿತಿಗಳನ್ನು ಶಿಕ್ಷಣ, ಅಡುಗೆಮನೆ, ಸಂಪ್ರದಾಯಗಳಲ್ಲಿ ಹುಡುಕುತ್ತವೆ. ಬರೆಯಲು ಸಿಕ್ಕ ವರ್ಷಗಳೆಷ್ಟು ಎಂಬುದನ್ನೂ ಆ ಪಟ್ಟಿಗೆ ಸೇರಿಸಬೇಕು.

*

ಹಾಗೆಂದು ಕಾದಂಬರಿಯನ್ನು ಕೋಷ್ಟಕಕ್ಕಿಂತ ಎತ್ತರದಲ್ಲಿ ಕೂರಿಸುವಂತಿಲ್ಲ. ಕಾದಂಬರಿಯೂ ಆಯ್ದುಕೊಂಡೇ ಎಣಿಸುತ್ತದೆ, ಮತ್ತು ಕೋಷ್ಟಕಕ್ಕೆ ಇರುವ ಶಿಸ್ತು ಅದಕ್ಕೆ ಇರಬೇಕಿಲ್ಲ.

ಮೊದಲನೆಯದಾಗಿ, ಅದಕ್ಕೆ ಸಿಗುವುದು ಉಳಿದವರು. ಮೂಕಜ್ಜಿಗೆ ಒಂದು ಕಾದಂಬರಿ ಇದೆ. ಇಪ್ಪತ್ತರಲ್ಲೋ ಮೂವತ್ತರಲ್ಲೋ ಯಾರೂ ಔಷಧಿ ಕೊಡಿಸದೆ ಹೋದ ಬಾಲವಿಧವೆಗೆ ಇಲ್ಲ. ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಪಿ.ಎನ್. ಮಾರಿ ಭಟ್ ಅವರ ಅಧ್ಯಯನ ತೋರಿಸಿದಂತೆ, ಭಾರತದಲ್ಲಿ ಅದೇ ವಯಸ್ಸಿನ ಗಂಡನಿರುವ ಹೆಂಗಸರಿಗಿಂತ ವಿಧವೆಯರ ಮರಣದರ ಹೆಚ್ಚು. ಒಂದು ಹೊತ್ತಿನ ಊಟ, ವ್ರತ, ಉಪವಾಸಗಳಲ್ಲಿ ಗಟ್ಟಿಯಾಗಿ ನೂರು ದಾಟಿದ ಫಣಿಯಮ್ಮನ ಚಿತ್ರವನ್ನು ಓದಿ 'ವೈರಾಗ್ಯವೇ ದೀರ್ಘಾಯುಷ್ಯದ ಗುಟ್ಟು' ಎಂದು ತಿಳಿಯುವ ಓದುಗ, ಬದುಕಿ ಉಳಿದ ಒಬ್ಬಳನ್ನು ಕಂಡು ಉಳಿಯದವರನ್ನು ಮರೆಯುತ್ತಾನೆ.

ಎರಡನೆಯದಾಗಿ, ಜಾತಿ. ನಮ್ಮ ಕಾದಂಬರಿಗಳ ಹೆಸರಾಂತ ವಿಧವೆಯರು ಬಹುಪಾಲು ಬ್ರಾಹ್ಮಣರ ಮನೆಯವರು. ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ಕೂಡಿಕೆ, ಉಡಿಕೆ ಎಂಬ ಹೆಸರಿನಲ್ಲಿ ಮತ್ತೊಂದು ಸಂಬಂಧದ ದಾರಿ ಇತ್ತು. ಅದಕ್ಕೆ ಮದುವೆಯಷ್ಟು ಮರ್ಯಾದೆ ಇರಲಿಲ್ಲ ಎಂಬುದು ಬೇರೆ ಮಾತು. ಅವಳ ಗಂಡನ ಸಾವು ಅವಳ ಬದುಕನ್ನು ಒಂದೇ ಬಣ್ಣದಲ್ಲಿ ಅದ್ದಿಬಿಡುತ್ತಿರಲಿಲ್ಲ. ಇನ್ನೂ ಕೆಳಗಿಳಿದರೆ ಪ್ರಶ್ನೆಯೇ ಬದಲಾಗುತ್ತದೆ. 1933ರ 'ಚೋಮನ ದುಡಿ'ಯಲ್ಲಿ ಹೆಂಡತಿ ಮೊದಲೇ ಇಲ್ಲ. ಸಾವುಗಳು ಚೋಮನ ಗುಡಿಸಲಿಗೆ ಒಂದರ ಹಿಂದೆ ಒಂದು ಬರುತ್ತವೆ, ಕೊನೆಗೆ ಅವನೂ ಹೋಗುತ್ತಾನೆ, ಬೆಳ್ಳಿ ಉಳಿಯುತ್ತಾಳೆ. ಈ ಮನೆಯಲ್ಲಿ ಗಂಡು ಹೆಚ್ಚು ಬದುಕಿತೋ ಹೆಣ್ಣು ಹೆಚ್ಚು ಬದುಕಿತೋ ಎಂದು ಕೇಳುವುದು ಕ್ರೂರವಾಗುತ್ತದೆ. ಇಬ್ಬರಿಗೂ ಸಿಗಬೇಕಾದಷ್ಟು ಸಿಗಲಿಲ್ಲ. 2022ರಲ್ಲಿ ಪ್ರಕಟವಾದ, ಭಾರತದ ಒಂಬತ್ತು ರಾಜ್ಯಗಳ ಒಂದು ಅಧ್ಯಯನದಲ್ಲಿ ಮೇಲ್ಜಾತಿಯ ಹಿಂದೂಗಳಿಗೆ ಹೋಲಿಸಿದರೆ ದಲಿತರ ನಿರೀಕ್ಷಿತ ಆಯುಷ್ಯ ಮೂರು ವರ್ಷಕ್ಕೂ ಹೆಚ್ಚು, ಆದಿವಾಸಿಗಳದು ನಾಲ್ಕು ವರ್ಷಕ್ಕೂ ಹೆಚ್ಚು ಕಡಿಮೆ ಎಂದು ಕಂಡುಬಂತು. ಕರ್ನಾಟಕ ಆ ಒಂಬತ್ತರಲ್ಲಿ ಇಲ್ಲ. ಆದರೆ ಜಾತಿಯ ಈ ಅಂತರ ಇವತ್ತಿನ ಭಾರತದ ಹೆಣ್ಣುಗಂಡಿನ ಅಂತರದಷ್ಟೇ ದೊಡ್ಡದು ಎಂಬುದನ್ನು ಮರೆಯಬಾರದು.

ಮೂರನೆಯದು ಕಥನದ ಗುಣಕ್ಕೇ ಸಂಬಂಧಿಸಿದ್ದು. ಕನ್ನಡ ಕಥನದಲ್ಲಿ ವೈಧವ್ಯಕ್ಕೆ ಕಾದಂಬರಿಗಳೇ ಇವೆ. ಹೆರಿಗೆಯ ಸಾವಿಗೆ ಅನೇಕ ಕಡೆ ಅರ್ಧ ವಾಕ್ಯ. 'ಮೊದಲನೆಯವಳು ಬಾಣಂತಿತನದಲ್ಲಿ ತೀರಿಕೊಂಡಳು' ಎಂದು ಹೇಳಿ ಕಥೆ ಎರಡನೇ ಹೆಂಡತಿಯ ಕಡೆಗೆ, ಮಲತಾಯಿಯ ಕಡೆಗೆ ಹೊರಳುತ್ತದೆ. ಸತ್ತವಳು ಕಥೆಗೆ ಜಾಗ ತೆರವು ಮಾಡಿಕೊಟ್ಟು ಹೋಗುತ್ತಾಳೆ. ಕೋಷ್ಟಕದಲ್ಲಿ ಅಂತರವನ್ನು ಉಂಟುಮಾಡಿದ ಸಾವುಗಳೇ ಕಥೆಯಲ್ಲಿ ಅಂಚಿಗೆ ಸರಿದಿವೆ. 'ಗೃಹಭಂಗ' ದೊಡ್ಡ ಕಾದಂಬರಿಯಾಗುವುದಕ್ಕೆ ಒಂದು ಕಾರಣ, ಅದು ಆ ಅರ್ಧ ವಾಕ್ಯದಲ್ಲಿ ಮುಗಿದುಹೋಗಬಹುದಾಗಿದ್ದ ಹೆಂಗಸನ್ನು ನಡುವಿಗೆ ತಂದು ಕೂರಿಸಿದ್ದು.

*

ಈಗ ಇವತ್ತಿನ ಅಂಕಿಗೆ ಬರೋಣ. 1981–85ರ ಕೋಷ್ಟಕದಲ್ಲಿ ಭಾರತದ ಹೆಂಗಸರು ಗಂಡಸರಿಗಿಂತ ಕೂದಲೆಳೆಯಷ್ಟು ಮುಂದೆ ಬಂದರು: 55.7 ಮತ್ತು 55.4. 2016–20ಕ್ಕೆ ಹೆಂಗಸರದು 71.4, ಗಂಡಸರದು 68.6. ಅಂತರ 2.8 ವರ್ಷ. 'ಈಗ ಹೆಂಗಸರೇ ಮುಂದೆ' ಎಂದು ಪತ್ರಿಕೆಗಳು ಬರೆಯುವುದು ಈ ಅಂಕಿಯನ್ನು ನೋಡಿ.

ಆದರೆ ಮುಂದೆ ಎಂದರೆ ಎಲ್ಲಿಂದ ಮುಂದೆ? ಓಟದಲ್ಲಿ ಇಬ್ಬರೂ ಒಂದೇ ಗೆರೆಯಿಂದ ಹೊರಟಿದ್ದರೆ ಮಾತ್ರ ಯಾರು ಮುಂದೆ ಎಂದು ಹೇಳಬಹುದು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಲಿಂಗ ಅಭಿವೃದ್ಧಿ ಸೂಚ್ಯಂಕ ಲೆಕ್ಕ ಹಾಕುವಾಗ ಹೆಂಗಸರಿಗೆ ಹುಟ್ಟಿನಿಂದಲೇ ಐದು ವರ್ಷದ ಹೆಚ್ಚುವರಿ ಇದೆ ಎಂದು ಹಿಡಿಯುತ್ತದೆ. ಗಂಡಸರ ಅಳತೆಗೋಲು 17.5ರಿಂದ 82.5, ಹೆಂಗಸರದು 22.5ರಿಂದ 87.5. ಈ ಗೋಲಿನಲ್ಲಿ ಸಮಾನತೆ ಎಂದರೆ ಅಂತರ ಸೊನ್ನೆಯಾಗುವುದಲ್ಲ, ಐದಾಗುವುದು. ಹಾಗೆ ನೋಡಿದರೆ ನಮ್ಮ 2.8 ಇನ್ನೂ ಎರಡು ವರ್ಷಕ್ಕೂ ಹೆಚ್ಚಿನ ಕೊರತೆ. 1951–61ರ ಕೊರತೆ 1.3 ಅಲ್ಲ, 6.3.

ಆ ಐದು ವರ್ಷ ಪ್ರಕೃತಿಯದೇ ಎಂಬುದಕ್ಕೂ ತಕರಾರಿದೆ. ಜನಸಂಖ್ಯಾ ಶಾಸ್ತ್ರಜ್ಞ ಮಾರ್ಕ್ ಲೂಯ್ ಜರ್ಮನಿಯ ಬವೇರಿಯಾದ ಕ್ಯಾಥೊಲಿಕ್ ಮಠಗಳ ಹನ್ನೊಂದು ಸಾವಿರಕ್ಕೂ ಹೆಚ್ಚು ಸನ್ಯಾಸಿ ಸನ್ಯಾಸಿನಿಯರ ದಾಖಲೆ ತೆಗೆದು ನೋಡಿದರು. ಇಬ್ಬರದೂ ಹೆಚ್ಚುಕಡಿಮೆ ಒಂದೇ ದಿನಚರಿ. ಅಲ್ಲಿ ಅಂತರ ಹೊರಗಿನ ಸಮಾಜಕ್ಕಿಂತ ಬಹಳ ಕಿರಿದಾಗಿತ್ತು. ಶುದ್ಧ ಜೈವಿಕ ಕಾರಣದ ಪಾಲು ಹೆಚ್ಚೆಂದರೆ ಒಂದು ವರ್ಷದ ಆಸುಪಾಸು ಇರಬಹುದು ಎಂಬುದು ಅವರ 2003ರ ಪ್ರಬಂಧದ ತೀರ್ಮಾನ. ಅದಕ್ಕಿಂತಲೂ ಮುಖ್ಯವಾದದ್ದು, ಸನ್ಯಾಸಿನಿಯರು ಹೊರಗಿನ ಹೆಂಗಸರಷ್ಟೇ ಬದುಕಿದ್ದರೆ ಸನ್ಯಾಸಿಗಳು ಹೊರಗಿನ ಗಂಡಸರಿಗಿಂತ ಹೆಚ್ಚು ಬದುಕಿದ್ದರು. ಅಂದರೆ ಆ ಸಮಾಜದ ಅಂತರದಲ್ಲಿ ದೊಡ್ಡ ಪಾಲು ಹೆಂಗಸರ ಗಳಿಕೆಯಾಗಿರದೆ ಗಂಡಸರ ನಷ್ಟವಾಗಿತ್ತು. ತಂಬಾಕು, ಕುಡಿತ, ಅಪಾಯದ ದುಡಿಮೆ, ರಸ್ತೆ, ವೈದ್ಯರ ಬಳಿ ಹೋಗದ ಹಟ ಇವೆಲ್ಲ ಆ ನಷ್ಟದ ಕಡೆ ನಿಲ್ಲುತ್ತವೆ. ಅಂತರ ಹಿಗ್ಗಿದರೆ ಹೆಂಗಸರಿಗೆ ಒಳ್ಳೆಯದಾಯಿತು ಎಂದು ಹೇಳುವ ಮೊದಲು, ಗಂಡಸರಿಗೆ ಕೆಟ್ಟದಾಯಿತೇ ಎಂದು ನೋಡಬೇಕು. ಕಳೆಯುವ ಲೆಕ್ಕದ ಉತ್ತರ ಯಾವ ಕಡೆಯಿಂದ ಬದಲಾಯಿತು ಎಂಬುದನ್ನು ಉತ್ತರವೇ ಹೇಳುವುದಿಲ್ಲ.

ಇನ್ನೊಂದು ಸಂಗತಿಯನ್ನು ಕೋಷ್ಟಕ ತನ್ನ ಸ್ವಭಾವದಿಂದಲೇ ಹೇಳಲಾರದು. ಅದು ಶುರುವಾಗುವುದು ಹುಟ್ಟಿನಿಂದ. ಹುಟ್ಟಲು ಬಿಡದವಳು ಅದರಲ್ಲಿ ಇಲ್ಲ. ಹೆಂಗಸರ ಆಯುಷ್ಯ ಗಂಡಸರದನ್ನು ದಾಟಿ ಏರುತ್ತಿದ್ದ ದಶಕಗಳಲ್ಲೇ, ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇರುವ ಹೆಣ್ಣುಮಕ್ಕಳ ಸಂಖ್ಯೆ ಇಳಿಯುತ್ತ ಹೋಯಿತು: 1981ರಲ್ಲಿ 962, 1991ರಲ್ಲಿ 945, 2001ರಲ್ಲಿ 927, 2011ರಲ್ಲಿ 919. ಭ್ರೂಣಲಿಂಗ ಪತ್ತೆ ನಿಷೇಧದ ಕಾಯಿದೆ 1994ರಲ್ಲಿ ಬಂದರೂ ಇಳಿತ ನಿಲ್ಲಲಿಲ್ಲ. ಹಿಂದೆ ಹುಟ್ಟಿ, ಅಲಕ್ಷ್ಯದಲ್ಲಿ ಒಂದೆರಡು ವರ್ಷದೊಳಗೆ ಸಾಯುತ್ತಿದ್ದ ಹೆಣ್ಣು ಮಗು ಕೋಷ್ಟಕದ ಒಳಗೆ ಸತ್ತು ಹೆಂಗಸರ ಸರಾಸರಿಯನ್ನು ಕೆಳಗೆಳೆಯುತ್ತಿತ್ತು. ಈಗ ಅದೇ ಅಲಕ್ಷ್ಯ ಸ್ಕ್ಯಾನಿಂಗ್ ಯಂತ್ರದ ನೆರವಿನಿಂದ ಹುಟ್ಟಿಗಿಂತ ಮೊದಲೇ ಕೆಲಸ ಮುಗಿಸಿದರೆ ಸರಾಸರಿಗೆ ಏನೂ ಆಗುವುದಿಲ್ಲ. ಆಯುಷ್ಯ ಏರಿದ್ದು ಸುಳ್ಳಲ್ಲ. ಆದರೆ ಅದರ ಪಕ್ಕದಲ್ಲಿ ಈ ಇನ್ನೊಂದು ಸಾಲನ್ನು ಇಡದೆ ಓದುವವನು ಅರ್ಧ ಪುಟ ಓದಿ ಮುಚ್ಚಿದಂತೆ.

*

ಸರಾಸರಿಗಳ ಈ ಕುರುಡು ಗೊತ್ತಿರುವ ಜನಸಂಖ್ಯಾ ಶಾಸ್ತ್ರಜ್ಞರೇ ಬೇರೆ ಅಳತೆಗಳನ್ನು ಹುಡುಕಿದ್ದಾರೆ. ಮಾರಿ ಪಿಯರ್ ಬರ್ಜರಾನ್ ಬೂಷೆ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಕೇಳುವ ಪ್ರಶ್ನೆ ತುಂಬ ಸರಳ. ಒಂದು ಜನಸಮುದಾಯದಿಂದ ಯಾವುದೋ ಒಬ್ಬ ಗಂಡು, ಯಾವುದೋ ಒಬ್ಬಳು ಹೆಣ್ಣನ್ನು ಆರಿಸಿದರೆ, ಗಂಡು ಹೆಣ್ಣಿಗಿಂತ ಹೆಚ್ಚು ಬದುಕುವ ಸಂಭವ ಎಷ್ಟು? 199 ಜನಸಮುದಾಯಗಳ ಎರಡು ಶತಮಾನಕ್ಕೂ ಹೆಚ್ಚಿನ ದಾಖಲೆಗಳಲ್ಲಿ ಅವರಿಗೆ ಸಿಕ್ಕ ಉತ್ತರ ಬಹುತೇಕ ಎಲ್ಲ ಕಡೆ ನೂರಕ್ಕೆ 25ರಿಂದ 50ರ ನಡುವೆ. 50ನ್ನು ದಾಟಿದ ಅಪವಾದಗಳಲ್ಲಿ 1985ಕ್ಕಿಂತ ಮೊದಲಿನ ದಕ್ಷಿಣ ಏಷ್ಯಾದ ಕೆಲವು ದೇಶಗಳಿವೆ, ಭಾರತವೂ ಸೇರಿ. 'ಹೆಂಗಸರು ಹೆಚ್ಚು ಬದುಕುತ್ತಾರೆ' ಎಂಬ ವಾಕ್ಯ ನಿಜವಾಗಿರುವ ದೇಶದಲ್ಲೂ ನಾಲ್ಕರಲ್ಲಿ ಒಬ್ಬ, ಕೆಲವೊಮ್ಮೆ ಇಬ್ಬರ ಹತ್ತಿರ ಗಂಡಸರು ತಮ್ಮೆದುರಿಗೆ ಬಂದ ಹೆಂಗಸಿಗಿಂತ ಹೆಚ್ಚು ಬದುಕುತ್ತಾರೆ. ಎರಡು ಸರಾಸರಿಗಳ ನಡುವಿನ ಅಂತರವನ್ನು ಎರಡು ಜಾತಿಯ ಜೀವಿಗಳ ನಡುವಿನ ಗೋಡೆಯಂತೆ ಕಾಣುವವರಿಗೆ ಈ ಅಂಕಿ ತಿದ್ದುಪಡಿ.

ಈ ಅಳತೆ ಒಂದು ರೀತಿಯಲ್ಲಿ ಕಾದಂಬರಿಕಾರನ ಪ್ರಶ್ನೆಗೆ ಹತ್ತಿರವಾದದ್ದು. ಇವನು, ಇವಳು, ಯಾರು ಮೊದಲು? ಆದರೆ ಅಲ್ಲಿ ಗಂಡುಹೆಣ್ಣನ್ನು ಚೀಟಿ ಎತ್ತಿದಂತೆ ಜೋಡಿಸಲಾಗುತ್ತದೆ. ಮದುವೆ ಚೀಟಿ ಎತ್ತುವುದಿಲ್ಲ. ಅದು ಹೆಚ್ಚು ವಯಸ್ಸಿನ ಗಂಡಿಗೆ ಕಡಿಮೆ ವಯಸ್ಸಿನ ಹೆಣ್ಣನ್ನು ಜೋಡಿಸುತ್ತದೆ, ಒಬ್ಬನಿಗೆ ಮತ್ತೆ ಮದುವೆ ಮಾಡಿಸುತ್ತದೆ, ಇನ್ನೊಬ್ಬಳಿಗೆ ಬೇಡ ಎನ್ನುತ್ತದೆ. 'ಮರಳಿ ಮಣ್ಣಿಗೆ'ಯ ರಾಮ ಐತಾಳರು ಮಕ್ಕಳಿಲ್ಲವೆಂದು ಹೆಂಡತಿಯಿರುವಾಗಲೇ ಇನ್ನೊಬ್ಬಳನ್ನು ತರಬಲ್ಲರು. ಅದೇ ಮನೆಯಲ್ಲಿ ಅವರ ತಂಗಿ ಸರಸೋತಿ ಗಂಡನಿಲ್ಲದೆ ಮುದುಕಿಯಾಗಬೇಕು. 2011ರ ಜನಗಣತಿಯಲ್ಲಿ ಭಾರತದ ವಿಧವೆಯರ ಸಂಖ್ಯೆ ನಾಲ್ಕು ಕೋಟಿಗೂ ಹೆಚ್ಚು, ವಿಧುರರದು ಅದರ ಮೂರನೇ ಒಂದಕ್ಕಿಂತಲೂ ಕಡಿಮೆ. 2.8 ವರ್ಷದ ಅಂತರವೊಂದರಿಂದಲೇ ಇಷ್ಟು ದೊಡ್ಡ ವ್ಯತ್ಯಾಸ ಹುಟ್ಟಲಾರದು. ಆಯುಷ್ಯದ ಅಂತರ ಸಣ್ಣದು, ಅದರ ಮೇಲೆ ಮದುವೆಯ ಪದ್ಧತಿ ಕಟ್ಟಿದ ಅಂತಸ್ತು ದೊಡ್ಡದು.

ವಿದ್ಯಾರ್ಥಿಗಳು ಮೂಕಜ್ಜಿಯನ್ನೋ ಫಣಿಯಮ್ಮನನ್ನೋ ಓದುವಾಗ ಅವರನ್ನು 'ವಿಧವಾ ಸಮಸ್ಯೆಯ ಪಾತ್ರಗಳು' ಎಂಬ ತಲೆಬರಹದಡಿ ಸೇರಿಸಿ ಮುಗಿಸುವ ರೂಢಿ ನಮ್ಮ ತರಗತಿಗಳಲ್ಲಿದೆ. ಅವರ ಪಕ್ಕದಲ್ಲಿ 1970–75ರ ಆ ಕೋಷ್ಟಕವನ್ನೂ ಇಟ್ಟು ಓದಿದರೆ ಒಳ್ಳೆಯದು. ಆಗ ಮೂಕಜ್ಜಿಯ ಸುತ್ತ, ಕಾದಂಬರಿಯಲ್ಲಿ ಹೆಸರಿಲ್ಲದ, ಅವಳ ವಯಸ್ಸಿಗೆ ಬರಲಾಗದ ಓರಗೆಯ ಹುಡುಗಿಯರು ಕಾಣತೊಡಗುತ್ತಾರೆ. ಹಾಗೆಯೇ 2016–20ರ 71.4 ಮತ್ತು 68.6ನ್ನು ಓದುವವರು ನಂಜಮ್ಮನನ್ನು ನೆನೆದರೆ ಒಳ್ಳೆಯದು. ಅವಳ ನೆನಪಿದ್ದವರು ಅಂಕಿಯನ್ನು ಕಂಡ ಕೂಡಲೇ ಯಾವ ವಯಸ್ಸಿನಲ್ಲಿ, ಯಾವ ಮನೆಯಲ್ಲಿ, ಯಾರನ್ನು ಬಿಟ್ಟು ಎಂದು ಕೇಳುತ್ತಾರೆ. ಹೆಣ್ಣಿಗೆ ಅವಳದೇ ಆಯುಷ್ಯವನ್ನು ಹರಸುವ ಮಾತು ಹಿರಿಯರ ಬಾಯಲ್ಲಿ ಈಗೀಗ ಅಲ್ಲಲ್ಲಿ ಕೇಳಿಬರುತ್ತಿದೆ. 'ನೂರು ಕಾಲ ಬಾಳು ತಾಯಿ' ಎಂದರೆ ಸಾಕು. ಅದಕ್ಕೆ ಗಂಡನ ವಯಸ್ಸನ್ನು ಕೂಡಿಸುವುದೂ ಬೇಡ, ಕಳೆಯುವುದೂ ಬೇಡ.